ಬಲಕ್ಕೆ ತಿರುಗಿದ ಆರು ಮಂದಿ

ಚಿಕ್ಕಜಾಜೂರು
19 ಜನವರಿ 1997

ಗಂಗಾಮಣಿಗೆ,

ಬಂದು ಸೇರಿದೆ. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಇಷ್ಟೇ ಸಾಮಾನಾದ್ದರಿಂದ ಇಳಿಸಲು ಯಾರನ್ನೂ ಕರೆಯಬೇಕಾಗಲಿಲ್ಲ. ಸಕಲೇಶಪುರದಲ್ಲಿ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕುವವರೆಗೆ ರೈಲಿನ ದಾರಿ ಬದಲಿಸುವ ಪಾಯಿಂಟ್ಸ್‌ಮನ್‌ಗೆ ಅಲ್ಲೇನು ಕೆಲಸ ಎಂದು ನನ್ನನ್ನು ಇಲ್ಲಿಗೆ ಎಸೆದಿದ್ದಾರೆ. ಇಲ್ಲಿನ ನೆಲ ತಟ್ಟಿದ ರೊಟ್ಟಿಯ ಹಾಗಿದೆ. ಗುಡ್ಡ ನೋಡಬೇಕೆನಿಸಿದರೆ ಗೋಡೆಯ ಕ್ಯಾಲೆಂಡರ್ ನೋಡಬೇಕು.

ಗೂಡ್ಸ್ ಶೆಡ್ಡಿಗೆ ಬೀಗ ಬಿತ್ತೆಂದು ನಮ್ಮ ಕರಾಟೆ ಕ್ಲಾಸಿಗೂ ಬೀಗ ಹಾಕಿಬಿಡಬೇಡ. ಆನೇಮಹಲಿನ ವೀರಭದ್ರಯ್ಯನವರನ್ನು ಹೊರಡುವ ಮೊದಲೇ ಕೇಳಿದ್ದೇನೆ. ಅವರ ಕಾಫಿ ಒಣಗಿ ಮೂಟೆಯಾದ ಮೇಲೆ ಕಣ ಖಾಲಿ ಬಿದ್ದಿರುತ್ತದೆ, ಸಂಜೆ ಐದರಿಂದ ಆರರವರೆಗೆ ಕೊಡುತ್ತಾರೆ. ಅಲ್ಲಿಯವರೆಗೆ ಸ್ಕೂಲಿನ ಜಗಲಿ. ಐದು ಜನ ಹುಡುಗಿಯರು ಇನ್ನು ನಿನ್ನ ಜವಾಬ್ದಾರಿ. ನೀನೇ ಹಿರಿಯಳು, ಆರು ವರ್ಷ ಕಲಿತವಳು.

ಇಪ್ಪತ್ತೊಂದು ಹೆಜ್ಜೆಯ ಮೊದಲ ವರಸೆಯನ್ನು ದಿನಾ ಹತ್ತು ಸಲ ಮಾಡಿಸು. ಕತ್ತು ಮೊದಲು ಬಲಕ್ಕೆ ತಿರುಗಬೇಕು, ಕಾಲು ಆಮೇಲೆ. ಬೇಜಾರೆಂದು ಗೊಣಗಿದರೆ ಹನ್ನೊಂದು ಸಲ. ಮೈಸೂರಿನಲ್ಲಿ ನನ್ನ ಗುರುಗಳು ಇದೊಂದನ್ನೇ ಆರು ತಿಂಗಳು ಮಾಡಿಸಿದ್ದರು, ನಾನು ತುಟಿ ಪಿಟಕ್ಕೆನ್ನಲಿಲ್ಲ.

ಅಕ್ಟೋಬರಿನಲ್ಲಿ ಹಾಸನದಲ್ಲಿ ಜಿಲ್ಲಾ ಸಂಘದ ಪರೀಕ್ಷೆ ಇದೆ. ಇಷ್ಟು ದಿನ ನಿಮಗೆಲ್ಲ ಬೆಲ್ಟ್ ಕೊಟ್ಟವನು ನಾನು. ಈ ಸಲ ಸಂಘದ ಸೀಲು ಬಿದ್ದ ಕಾಗದ ನಿಮ್ಮ ಕೈಗೆ ಬರಬೇಕು. ಅರ್ಜಿ ನಮೂನೆ ತರಿಸಿಕೋ.

ದೇವೀರಪ್ಪ


ಆನೇಮಹಲ್
9 ಫೆಬ್ರವರಿ 1997

ಮಾಸ್ಟ್ರಿಗೆ ಗಂಗಾಮಣಿಯ ನಮಸ್ಕಾರ.

ನಿಮ್ಮ ಕಾಗದವನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದೆ. ಹನ್ನೊಂದು ಸಲ ಎಂಬಲ್ಲಿಗೆ ಬಂದಾಗ ಎಲ್ಲರೂ ನನ್ನನ್ನೇ ದುರುಗುಟ್ಟಿ ನೋಡಿದರು, ಆ ಸಾಲನ್ನು ನಾನೇ ಸೇರಿಸಿದೆ ಎಂಬಂತೆ. ನಯನಾಗೆ ಹದಿಮೂರು ತುಂಬಿತು. ಮಂಡಿ ಬಗ್ಗಿಸು ಎಂದರೆ ಸೊಂಟ ಬಗ್ಗಿಸುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ಕಣದ ವಿಚಾರ. ವೀರಭದ್ರಯ್ಯನವರು ಮೀಸೆ ತಿರುವಿಕೊಂಡು, "ಕೊಡ್ತೀನಿ ಕಣವ್ವ, ಆದ್ರೆ ಸಿಮೆಂಟ್ ಕಿತ್ತೋದ್ರೆ ನಿಮ್ಮ ಮಾಸ್ಟ್ರನ್ನ ಜಾಜೂರಿಂದ ಕರೆಸ್ತೀನಿ" ಎಂದರು. ಹಾಗಾದರೆ ಒಂದು ಮೂಲೆಯಲ್ಲಿ ಸ್ವಲ್ಪ ಕಿತ್ತುಬಿಡೋಣ ಎಂದು ನಯನಾ ಕಿವಿಯಲ್ಲಿ ಹೇಳಿದಳು. ನೀವು ಹೋದದ್ದು ಅವಳಿಗೂ ಸರಿಬಂದಿಲ್ಲ.

ಅವ್ವನದು ಹಳೆಯ ರಾಗವೇ. ಎಸ್ಟೇಟಿನಿಂದ ಬಂದು ಕಾಲು ಚಾಚಿ ಕೂತರೆ, "ಇಪ್ಪತ್ತು ತುಂಬ್ತು, ಇನ್ನೂ ಎಷ್ಟು ದಿನ ಕುಣಿತೀಯ? ಮದ್ವೆ ಆದ್ಮೇಲೆ ಗಂಡುನ್ನ ಒದಿಯಕ್ಕಾ ಇದು?" ಎನ್ನುತ್ತಾಳೆ. ನಾನು ಕೊಡ ಎತ್ತಿಕೊಂಡು ನೀರಿಗೆ ಹೋಗುತ್ತೇನೆ.

ಅರ್ಜಿಯಲ್ಲೂ ಅದೇ ಪ್ರಶ್ನೆ ಇದೆ. ಈ ಅಭ್ಯಾಸವನ್ನು ಯಾಕೆ ಮುಂದುವರಿಸಬಯಸುತ್ತೀರಿ, ಅರ್ಧ ಪುಟಕ್ಕೆ ಮೀರದಂತೆ ಬರೆಯಿರಿ ಎಂದಿದೆ. ಅರ್ಧ ಪುಟಕ್ಕೆ ಏನು ಬರೆಯಲಿ? ಇನ್ನೊಂದು, ಕಲಿಸಿದವರ ಹೆಸರು ಮತ್ತು ಅವರ ಸರ್ಟಿಫಿಕೇಟ್ ನಂಬರು ಕೇಳಿದ್ದಾರೆ. ನಿಮ್ಮ ನಂಬರು ಕಳಿಸಿ.

ಗಂಗಾಮಣಿ


ಚಿಕ್ಕಜಾಜೂರು
2 ಮಾರ್ಚ್ 1997

ಗಂಗಾಮಣಿಗೆ,

ಪ್ರಶ್ನೆಗೆ ಹೀಗೆ ಬರೆ. ಆತ್ಮರಕ್ಷಣೆಗಾಗಿ, ಶಿಸ್ತಿಗಾಗಿ, ಮುಂದೆ ನಾಡಿಗೆ ಕೀರ್ತಿ ತರುವುದಕ್ಕಾಗಿ. ಎಲ್ಲರೂ ಇದನ್ನೇ ಬರೆಯುತ್ತಾರೆ, ಪರೀಕ್ಷಕರಿಗೂ ಇದೇ ಬೇಕು.

ಕಲಿಸಿದವರ ಜಾಗದಲ್ಲಿ ನಿನ್ನ ಹೆಸರು ಹಾಕು. ಈಗ ಕ್ಲಾಸು ನಡೆಸುತ್ತಿರುವವಳು ನೀನು. ದೂರದಲ್ಲಿ ಕೂತವನ ಹೆಸರು ಹಾಕಿಕೊಂಡು ಪರೀಕ್ಷೆಗೆ ಹೋಗುವುದು ಚೆನ್ನಾಗಿರುವುದಿಲ್ಲ. ನಂಬರಿನ ಜಾಗ ಖಾಲಿ ಬಿಡು, ಹಳ್ಳಿ ಕಡೆಯವರನ್ನು ಅದನ್ನೆಲ್ಲ ಅವರು ಗಟ್ಟಿಯಾಗಿ ಕೇಳುವುದಿಲ್ಲ.

ಇಲ್ಲಿ ಆಗಲೇ ಬಿಸಿಲು ಸುಡುತ್ತಿದೆ.

ದೇವೀರಪ್ಪ


ಆನೇಮಹಲ್
14 ಸೆಪ್ಟೆಂಬರ್ 1997

ಮಾಸ್ಟ್ರಿಗೆ ನಮಸ್ಕಾರ.

ಮಳೆಗಾಲ ಪೂರ್ತಿ ಸ್ಕೂಲಿನ ಜಗಲಿಯಲ್ಲೇ ಕಳೆಯಿತು. ಆರು ಜನ ಒಟ್ಟಿಗೆ ಕಾಲೆತ್ತಿದರೆ ಒಬ್ಬಳು ಕೆಳಗಿನ ಕೆಸರಿಗೆ ಬೀಳುತ್ತಾಳೆ. ಗುರುಶಾಂತಮ್ಮನವರ ಮಗಳು ಹಾಗೆ ಎರಡು ಸಲ ಬಿದ್ದಳು. ಮೂರನೆಯ ಸಲ ಅವಳ ತಾಯಿಯೇ ಬಂದು ಪಕ್ಕದಲ್ಲಿ ನಿಂತಿದ್ದರು, ಹಿಡಿದುಕೊಳ್ಳಲು. ಈ ವಾರದಿಂದ ಕಣಕ್ಕೆ ಬಂದಿದ್ದೇವೆ. ವರಸೆ ಚೆನ್ನಾಗಿ ಕೂತಿದೆ. ಆರು ಜನರ ಕತ್ತೂ ಒಟ್ಟಿಗೆ ಬಲಕ್ಕೆ ತಿರುಗಿದಾಗ ನೀವು ನೋಡಬೇಕಿತ್ತು.

ಅರ್ಜಿಯನ್ನು ನೀವು ಹೇಳಿದಂತೆಯೇ ಬರೆದು ನೋಡಿದೆ. ಶಿಸ್ತು, ಕೀರ್ತಿ, ಎಲ್ಲ. ಓದಿದರೆ ನನಗೇ ನಗು ಬಂತು. ಆಮೇಲೆ ಬೇರೆ ಬರೆದೆ. ಅದನ್ನು ಕಳಿಸುವ ಮೊದಲು ನಿಮಗೆ ತಿಳಿಸುತ್ತೇನೆ.

ಕಾಫಿ ವರ್ಕ್ಸ್‌ನಲ್ಲಿ ಬೆಳಿಗ್ಗೆಯಿಂದ ನಾಲ್ಕೂವರೆಯವರೆಗೆ ನಾವು ಎಂಬತ್ತು ಹೆಂಗಸರು ಸಾಲಾಗಿ ಕೂತು ಬೀಜ ಆರಿಸುತ್ತೇವೆ. ಮೇಸ್ತ್ರಿ ಬಂದು ನೋಡುವುದು ಬೀಜವನ್ನು. ಕಪ್ಪು ಬೀಜ ಉಳಿದಿದೆಯೋ ಇಲ್ಲವೋ, ಅಷ್ಟೇ. ನನ್ನ ಜಾಗದಲ್ಲಿ ಇನ್ನೊಬ್ಬಳು ಕೂತರೆ ಅವನಿಗೆ ತಿಳಿಯುವುದೇ ಇಲ್ಲ. ಮನೆಗೆ ಹೋದರೆ ಅವ್ವ ನೋಡುವುದು ಕೊಡದಲ್ಲಿ ನೀರಿದೆಯೋ ಎಂದು. ಗೂಡ್ಸ್ ಶೆಡ್ಡಿನಲ್ಲಿ ಮಾತ್ರ ಒಬ್ಬರು ನಾನು ಹೇಗೆ ನಿಂತಿದ್ದೇನೆ ಎಂದು ನೋಡುತ್ತಿದ್ದರು. "ನಿಂತ್ಕೊ ಗಂಗಾ, ಎಡಗಡೆ ಭುಜ ಎತ್ತಿದ್ದೀಯ, ಇಳ್ಸು" ಎನ್ನುತ್ತಿದ್ದಿರಿ. ನನಗೆ ಒಂದು ಎಡ ಭುಜ ಇದೆ, ಅದು ಏರುತ್ತದೆ, ಅದನ್ನು ಒಬ್ಬರು ಗಮನಿಸುತ್ತಾರೆ. ಹದಿನಾಲ್ಕನೆಯ ವಯಸ್ಸಿನಿಂದ ನಾನು ಬರುತ್ತಿದ್ದದ್ದು ಆ ಒಂದು ಗಂಟೆಗಾಗಿ. ಈಗ ಹೇಳುವವರಿಲ್ಲ. ಆದರೂ ನೀವು ನೋಡುತ್ತಿದ್ದೀರಿ ಎಂದುಕೊಂಡು ಭುಜ ಇಳಿಸುತ್ತೇನೆ. ಅದಕ್ಕಾಗಿಯೇ ಮುಂದುವರಿಸುತ್ತಿದ್ದೇನೆ.

ಹೀಗೆ ಬರೆಯಬಹುದೇ? ಪರೀಕ್ಷೆಯ ದಿನ ನೀವು ಬಂದರೆ ಎಲ್ಲರಿಗೂ ಧೈರ್ಯ. ನನಗೂ.

ಗಂಗಾಮಣಿ


ಚಿಕ್ಕಜಾಜೂರು
28 ಸೆಪ್ಟೆಂಬರ್ 1997

ಗಂಗಾಮಣಿಗೆ,

ಬರೆದದ್ದನ್ನು ಓದಿದೆ. ಇದನ್ನು ಕಳಿಸಿದರೆ ಪರೀಕ್ಷಕರು ನಗುತ್ತಾರೆ. ಭುಜದ ಕಥೆ ಅವರಿಗೆ ಯಾಕೆ? ನಾನು ಹೇಳಿದ್ದನ್ನೇ ಬರೆ.

ಬರಲಾಗುವುದಿಲ್ಲ. ಡ್ಯೂಟಿ ಬಿಡುವುದಿಲ್ಲ. ಹಾಸನಕ್ಕೆ ಬೆಳಿಗ್ಗೆ ಬೇಗ ಹೊರಡಿ, ಹೊಟ್ಟೆ ತುಂಬ ತಿನ್ನಬೇಡಿ, ಉಗುರು ಕತ್ತರಿಸಿಕೊಳ್ಳಿ. ಆರು ಕಾಗದ ತೆಗೆದುಕೊಂಡೇ ಬರಬೇಕು.

ದೇವೀರಪ್ಪ


ಆನೇಮಹಲ್
23 ಅಕ್ಟೋಬರ್ 1997

ಮಾಸ್ಟ್ರಿಗೆ ನಮಸ್ಕಾರ.

ಆರೂ ಜನ ಫೇಲಾದೆವು. ತಪ್ಪು ನನ್ನದು.

ನಯನಾ ಬಸ್ಸಿನಲ್ಲಿ ಆನೇಮಹಲ್ ಬರುವವರೆಗೂ ಅಳುತ್ತಿದ್ದಳು.

ಒಂದು ಮಾತು ಕೇಳಬೇಕು. ಮೈಸೂರಿನಲ್ಲಿ ಕಲಿಯುವಾಗ ನೀವು ಎಲ್ಲಿ ನಿಂತಿರುತ್ತಿದ್ದಿರಿ? ಗುರುಗಳ ಹಿಂದೆಯೋ, ಎದುರಿಗೋ? ಹೇಳಲೇಬೇಕೆಂದಿಲ್ಲ. ಹೇಳಿದರೆ ಒಳ್ಳೆಯದು.

ಗಂಗಾಮಣಿ


ಚಿಕ್ಕಜಾಜೂರು
3 ನವೆಂಬರ್ 1997

ಗಂಗಾಮಣಿಗೆ,

ನಿನ್ನ ನಾಲ್ಕು ಸಾಲಿನ ಕಾಗದ ತಲುಪಿತು. ತಪ್ಪು ನನ್ನದು ಎಂದು ನೀನೇ ಬರೆದ ಮೇಲೆ ನಾನು ಹೇಳುವುದೇನು ಉಳಿಯಿತು? ಆರು ವರ್ಷ ಕಟ್ಟಿದ್ದನ್ನು ಒಂಬತ್ತು ತಿಂಗಳಲ್ಲಿ ಕೆಡವಿದ್ದೀಯ. ನಿನ್ನ ಮೇಲೆ ಬಿಟ್ಟು ಬಂದದ್ದು ನನ್ನ ದಡ್ಡತನ. ಜಗಲಿಯಲ್ಲಿ ನಗಾಡಿಕೊಂಡು ಕೆಸರಿಗೆ ಬಿದ್ದ ಸುದ್ದಿ ಬರೆದಾಗಲೇ ನನಗೆ ತಿಳಿಯಬೇಕಿತ್ತು.

ಯಾರೋ ನೋಡಲಿ ಎಂದು ಕಲಿಯುವವಳಿಗೆ ವಿದ್ಯೆ ಹತ್ತುವುದಿಲ್ಲ. ನಿನಗೆ ಬೇಕಾಗಿದ್ದದ್ದು ಕರಾಟೆ ಅಲ್ಲ, ಮುದ್ದು. ಅದನ್ನು ಕೊಡುವ ಜನ ನಾನಲ್ಲ.

ನಾನು ಎಲ್ಲಿ ನಿಂತು ಕಲಿತೆ ಎನ್ನುವುದು ನಿನಗೆ ಬೇಡದ ವಿಚಾರ. ಫೇಲಾದವಳು ಗುರುವನ್ನು ಪರೀಕ್ಷೆ ಮಾಡಲು ಹೊರಟಿದ್ದೀಯಾ? ಮುಂದೆ ಎಲ್ಲಿಯಾದರೂ ಪರೀಕ್ಷೆಗೆ ಹೋದರೆ ನನ್ನ ಹೆಸರು ಎತ್ತಬೇಡ.

ದೇವೀರಪ್ಪ


ಚಿಕ್ಕಜಾಜೂರು
11 ಮಾರ್ಚ್ 1998
(ಅಂಚೆ ಕಾರ್ಡು)

ಗಂಗಾಮಣಿಗೆ,

ನಾಲ್ಕು ತಿಂಗಳಾಯಿತು, ನಿನ್ನಿಂದ ಉತ್ತರವಿಲ್ಲ. ಬೈದರೆ ಬೈಸಿಕೊಳ್ಳುವುದೂ ಕಲಿಕೆಯೇ. ಕ್ಲಾಸು ನಡೆಯುತ್ತಿದೆಯೋ ಇಲ್ಲವೋ, ಅಷ್ಟಾದರೂ ತಿಳಿಸು.

ದೇವೀರಪ್ಪ


ಚಿಕ್ಕಜಾಜೂರು
6 ಜೂನ್ 1999
(ಅಂಚೆ ಕಾರ್ಡು)

ಗಂಗಾಮಣಿಗೆ,

ಸಕಲೇಶಪುರದಿಂದ ವರ್ಗವಾಗಿ ಬಂದವರೊಬ್ಬರು ನಿನ್ನ ಮದುವೆಯಾಯಿತೆಂದು ಹೇಳಿದರು. ಕೆ. ಹೊಸಕೋಟೆ ಕಡೆಗೆ ಕೊಟ್ಟಿದ್ದಾರಂತೆ. ನನಗೆ ಕಾಗದ ಬರಲಿಲ್ಲ. ಇರಲಿ. ಕ್ಲಾಸು ನಿಂತು ಒಂದೂವರೆ ವರ್ಷವಾಯಿತೆಂದೂ ಅವರೇ ಹೇಳಿದರು.

ಒಳ್ಳೆಯದಾಗಲಿ.

ದೇವೀರಪ್ಪ


ಚಿಕ್ಕಜಾಜೂರು
8 ಡಿಸೆಂಬರ್ 2002

ಚಿರಂಜೀವಿ ಗಂಗಾಮಣಿಗೆ ದೇವೀರಪ್ಪನ ಆಶೀರ್ವಾದಗಳು. ಆಶೀರ್ವಾದ ಮಾಡುವ ಯೋಗ್ಯತೆ ಇದೆಯೋ ಇಲ್ಲವೋ, ಕಾಗದ ಮುಗಿದ ಮೇಲೆ ನೀನೇ ಹೇಳು. ಹೊಸಕೋಟೆಯ ನಿನ್ನ ಮನೆಯ ವಿಳಾಸ ಗೊತ್ತಿಲ್ಲ, ಅದಕ್ಕೆ ನಿಮ್ಮ ಅವ್ವ ಭದ್ರಮ್ಮನವರ ಮನೆಗೆ ಹಾಕುತ್ತಿದ್ದೇನೆ.

ಹೋದ ವಾರ ದಾವಣಗೆರೆಯಲ್ಲಿ ರಾಜ್ಯಮಟ್ಟದ ಕರಾಟೆ ಪಂದ್ಯ ಇತ್ತು. ರಾತ್ರಿ ಡ್ಯೂಟಿ ಮುಗಿಸಿ ರೈಲು ಹತ್ತಿ ನೋಡಲು ಹೋದೆ. ಒಬ್ಬ ಹುಡುಗಿ ಅಂಕಣಕ್ಕೆ ಬಂದು ನಮ್ಮ ಮೊದಲ ವರಸೆ ಶುರು ಮಾಡಿದಳು. ನಿಂತ ಠೀವಿ ನೋಡಿದರೆ ಎಲ್ಲೋ ಕಂಡ ಹಾಗಿತ್ತು. ಆದರೆ ಎಡಕ್ಕೆ ತಿರುಗಿದಳು. ಪಾಪ, ಗಾಬರಿಗೆ ತಪ್ಪಿದಳು ಎಂದುಕೊಂಡೆ. ಅವಳಾದ ಮೇಲೆ ಬಂದವಳೂ ಎಡಕ್ಕೆ, ಅವಳ ಹಿಂದಿನವಳೂ ಎಡಕ್ಕೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಲಕ್ಕೆ ತಿರುಗಿದ ಒಬ್ಬರನ್ನೂ ನಾನು ಕಾಣಲಿಲ್ಲ.

ಊಟದ ಹೊತ್ತಿನಲ್ಲಿ ಆ ಮೊದಲ ಹುಡುಗಿ ಓಡಿ ಬಂದು ಕಾಲು ಮುಟ್ಟಿದಳು. ನಮ್ಮ ಕ್ಲಾಸಿನ ನಯನಾ. ಈಗ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಸಂಘದವರಲ್ಲೇ ಕಲಿಯುತ್ತಾಳೆ. ಎಡಕ್ಕೆ ಯಾಕೆ ಹೋದೆ ಎಂದು ಕೇಳಿದೆ. ಅವಳು, "ಎಲ್ರೂ ಎಡಕ್ಕೇ ಹೋಗದು ಮಾಸ್ಟ್ರೇ. ನಾವಾರು ಜನ ಮಾತ್ರ ಬಲಕ್ಕೆ ಹೋಗ್ತಿದ್ದಿದ್ದು. ಗಂಗಕ್ಕ ನಿಮಗೆ ಹೇಳ್ಲೇ ಇಲ್ವಾ?" ಎಂದಳು.

ಆಮೇಲೆ ಎಲ್ಲ ಹೇಳಿದಳು. ನಲವತ್ತು ಮಕ್ಕಳ ಸಾಲಿನಲ್ಲಿ ನಿಮ್ಮ ಆರು ಕತ್ತು ಮಾತ್ರ ಬಲಕ್ಕೆ ತಿರುಗಿದ್ದು, ಪಕ್ಕದಲ್ಲಿದ್ದ ಬೇಲೂರಿನ ಹುಡುಗನ ಹಣೆಗೆ ಅವಳ ಹಣೆ ಬಡಿದದ್ದು, ಅಲ್ಲಿ ಸೇರಿದ್ದ ಜನವೆಲ್ಲ ನಕ್ಕದ್ದು. ಯಾರು ಕಲಿಸಿದ್ದು ಎಂದು ಪರೀಕ್ಷಕರು ಕೇಳಿದಾಗ ನೀನು ಮುಂದೆ ಹೋಗಿ, "ನಾನೇ ಸಾರ್. ನಮ್ಮ ಮಾಸ್ಟ್ರು ಸರಿಯಾಗೇ ಹೇಳ್ಕೊಟ್ಟಿದ್ರು, ನಾನೇ ಉಲ್ಟಾ ಮಾಡ್ಬುಟ್ಟೆ" ಎಂದದ್ದು.

ಗಂಗಾ, ನಾನು ಯಾರ ಶಿಷ್ಯನೂ ಅಲ್ಲ. ಇಪ್ಪತ್ತೆರಡು ವರ್ಷದವನಿದ್ದಾಗ ಮೈಸೂರಿನಲ್ಲಿ ಗ್ಯಾಂಗ್‌ಮನ್ ಆಗಿದ್ದೆ. ಒಂದು ಹಾಲ್‌ನಲ್ಲಿ ದೊಡ್ಡ ಮನೆಯ ಮಕ್ಕಳಿಗೆ ಕರಾಟೆ ಹೇಳಿಕೊಡುತ್ತಿದ್ದರು. ನನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳಿದೆ. ಹಳಿಯ ಮೇಲಿನ ಗ್ರೀಸು ಮೆತ್ತಿದ ಕಾಲು ನೋಡಿ ಬಾಗಿಲು ಹಾಕಿದರು. ನಾಲ್ಕು ವರ್ಷ ಕಿಟಕಿಯ ಹೊರಗೆ ನಿಂತು ನೋಡಿದೆ. ಕಿಟಕಿ ಇದ್ದದ್ದು ಮುಂದಿನ ಗೋಡೆಗೆ. ಮಕ್ಕಳ ಮುಖ ನನ್ನ ಕಡೆಗಿತ್ತು. ಅವರ ಎಡ ನನಗೆ ಬಲಗಡೆ ಕಾಣುತ್ತಿತ್ತು. ಕಂಡದ್ದನ್ನು ಕಂಡ ಹಾಗೆಯೇ ಮಾಡಿದೆ. ಸೊಂಟದ ಕಪ್ಪು ಬೆಲ್ಟು ಅಂಗಡಿಯಿಂದ ತಂದದ್ದು.

ಎಡ ಬಲ ಅದಲು ಬದಲಾಗಿದೆ ಎಂದು ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ಆದರೆ ಕಿಟಕಿಯ ವಿಚಾರ ಗೊತ್ತಿತ್ತಲ್ಲ. ಎಲ್ಲಿ ನಿಂತಿದ್ದಿರಿ ಎಂದು ನೀನು ಬರೆದಾಗ, ಯಾರೋ ನನ್ನ ಬಣ್ಣ ಬಯಲು ಮಾಡಿದ್ದಾರೆ ಎಂದು ಹೆದರಿದೆ. ಆ ಹೆದರಿಕೆಯಲ್ಲಿ ಆ ಕಾಗದ ಬರೆದೆ. ಸರ್ಟಿಫಿಕೇಟ್ ಇಲ್ಲವೆಂದೇ ಕಲಿಸಿದವರ ಜಾಗದಲ್ಲಿ ನಿನ್ನ ಹೆಸರು ಬರೆಸಿದ್ದು. ಪರೀಕ್ಷೆಗೆ ಬಾರದೆ ಇದ್ದದ್ದೂ ಅದಕ್ಕೇ, ಡ್ಯೂಟಿ ಏನೂ ಇರಲಿಲ್ಲ. ಆ ದಿನ ಇಡೀ ಕ್ವಾರ್ಟರ್ಸಿನಲ್ಲಿ ಕೂತಿದ್ದೆ.

ನಿನ್ನ ಭುಜದ ಕಾಗದವನ್ನು ನಾನು ನಗುವಂಥದ್ದು ಎಂದೆ. ಅದನ್ನು ಐದು ವರ್ಷದಿಂದ ಟ್ರಂಕಿನಲ್ಲಿಟ್ಟುಕೊಂಡಿದ್ದೇನೆ. ನನ್ನನ್ನು ಜನ್ಮದಲ್ಲಿ ಯಾರೂ ಅಷ್ಟು ನಂಬಿರಲಿಲ್ಲ. ತಪ್ಪಾಯಿತು ತಾಯಿ.

ದೇವೀರಪ್ಪ


ಕೆ. ಹೊಸಕೋಟೆ
4 ಮಾರ್ಚ್ 2003

ಮಾಸ್ಟ್ರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಅವ್ವ ಸಕ್ಕರೆ ಡಬ್ಬಿಯ ಹಿಂದೆ ಇಟ್ಟು ಮರೆತಿದ್ದಳು. ಶಿವರಾತ್ರಿಗೆ ಹೋದಾಗ ಕೈಗೆ ಸಿಕ್ಕಿತು. ತಡವಾದದ್ದಕ್ಕೆ ಬೇರೆ ಅರ್ಥ ಹಚ್ಚಿಕೊಳ್ಳಬೇಡಿ.

ನಾನು ಇಲ್ಲಿ ಅಂಗನವಾಡಿಯಲ್ಲಿ ಟೀಚರ್. ನಮ್ಮ ಯಜಮಾನರು ಸಿದ್ದು, ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಮಗಳಿಗೆ ಮೂರು ವರ್ಷ. ನಾನು ಕರಾಟೆ ಕಲಿತಿದ್ದೆ ಎಂಬುದು ಈ ಊರಿನಲ್ಲಿ ಅವರೊಬ್ಬರಿಗೇ ಗೊತ್ತು. ಅವರು ಅದನ್ನು ತಮಾಷೆಗೆ ಮಾತ್ರ ಬಳಸುತ್ತಾರೆ.

ನೀವು ಹೊಸದಾಗಿ ಹೇಳಿದ್ದು ಕಿಟಕಿಯ ವಿಚಾರ ಒಂದೇ. ಉಳಿದದ್ದು ನನಗೆ ಪರೀಕ್ಷೆಯ ದಿನವೇ ತಿಳಿದಿತ್ತು. ಎಲ್ಲರೂ ಹೋದ ಮೇಲೆ ಪರೀಕ್ಷಕರು ನನ್ನನ್ನು ಕೂರಿಸಿಕೊಂಡು, "ಇದು ನೀನ್ ಮಾಡಿದ ತಪ್ಪಲ್ಲಮ್ಮ, ಯಾರೋ ಎದುರಿಗೆ ನಿಂತು ನೋಡಿ ಕಲ್ತವ್ರೆ, ಕನ್ನಡೀಲಿ ಕಂಡಂಗೆ" ಎಂದರು. ಅಲ್ಲ ಸಾರ್, ತಪ್ಪು ನನ್ನದೇ ಎಂದು ಇನ್ನೊಮ್ಮೆ ಹೇಳಿ ಬಂದೆ. ನಿಮ್ಮನ್ನು ಯಾರೋ ಒಳಗೆ ಬಿಟ್ಟುಕೊಂಡಿರಲಿಲ್ಲ ಎಂದು ಆಗಲೇ ಅನಿಸಿತು. ಇಲ್ಲದಿದ್ದರೆ ಯಾರಾದರೂ ಎದುರಿಗೆ ನಿಂತು ಯಾಕೆ ಕಲಿಯುತ್ತಾರೆ?

ನಿಮಗೆ ವಿಚಿತ್ರ ಎನಿಸಬಹುದು, ಬಸ್ಸಿನಲ್ಲಿ ನಯನಾ ಅಳುತ್ತಿದ್ದಾಗ ನನಗೆ ಒಳಗೊಳಗೇ ಸಂತೋಷವಿತ್ತು. ಆರು ವರ್ಷ ನೀವು ನಾನು ಹೇಗೆ ನಿಂತಿದ್ದೇನೆ ಎಂದು ನೋಡಿದಿರಿ. ಆ ದಿನ ನೀವು ಎಲ್ಲಿ ನಿಂತಿದ್ದಿರಿ ಎಂದು ನನಗೆ ಕಂಡಿತು. ಯಾರಿಗೂ ಹೇಳದೆ ಕಾಪಾಡಬೇಕು ಎಂದುಕೊಂಡೆ. ಮುಂದಿನ ವರ್ಷ ಎಡಕ್ಕೆ ತಿರುಗುವುದನ್ನು ಕಲಿತು ಐದೂ ಹುಡುಗಿಯರನ್ನು ಪಾಸು ಮಾಡಿಸಿ ಆಮೇಲೆ ನಿಮಗೆ ನಗುನಗುತ್ತಾ ಹೇಳೋಣ ಎಂದೂ ಲೆಕ್ಕ ಹಾಕಿದ್ದೆ. ಎಲ್ಲಿ ನಿಂತಿದ್ದಿರಿ ಎಂದು ಕೇಳಿದ್ದು ಕುಟುಕುವುದಕ್ಕಲ್ಲ. ನೀವು ನಿಜ ಹೇಳಿದರೆ ಇಬ್ಬರೂ ಸೇರಿ ಸರಿ ಮಾಡಬಹುದು ಎಂದು.

ಗುರುಶಾಂತಮ್ಮನವರು ಕಣಕ್ಕೇ ಬಂದು, "ಉಲ್ಟಾ ಹೇಳ್ಕೊಡಕ್ಕೆ ನೀನೇ ಬೇಕಿತ್ತಾ" ಎಂದು ಮಗಳ ಕೈ ಹಿಡಿದು ಕರೆದುಕೊಂಡು ಹೋದರು. ಇನ್ನು ಮೂವರು ತಾವಾಗಿಯೇ ಬರುವುದನ್ನು ನಿಲ್ಲಿಸಿದರು. ಅದನ್ನೆಲ್ಲ ನುಂಗಿಕೊಂಡು ದಿನಾ ಅಂಚೆಯಣ್ಣನ ದಾರಿ ನೋಡುತ್ತಿದ್ದೆ. ನನಗೆ ಬೇಕಿದ್ದದ್ದು ಒಂದೇ ಸಾಲು. ಏನಾಯಿತು ಗಂಗಾ ಎಂದು. ಅಷ್ಟು ಕೇಳಿದ್ದರೆ ಸಾಕಿತ್ತು.

ನಿಮ್ಮ ನವೆಂಬರಿನ ಕಾಗದ ಬಂದ ಸಂಜೆ ಕಣಕ್ಕೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ನಯನಾ ಒಬ್ಬಳೇ ಬಂದು ಕಾಯುತ್ತಿದ್ದಳಂತೆ, ಹತ್ತು ದಿನ. ಅದು ನಾನು ಮಾಡಿದ ತಪ್ಪು, ಅದನ್ನು ಯಾರ ಮೇಲೂ ಹಾಕುವುದಿಲ್ಲ.

ಪರೀಕ್ಷೆಯಲ್ಲಿ ಫೇಲಾದದ್ದಕ್ಕೆ ನಾನು ಬಿಟ್ಟದ್ದಲ್ಲ ಮಾಸ್ಟ್ರೇ. ಯಾರ ಕಣ್ಣಿಗಾಗಿ ಮುಂದುವರಿಸುತ್ತಿದ್ದೆನೋ ಅವರಿಗೆ ನಾನು ಕಂಡೇ ಇರಲಿಲ್ಲ ಎಂದು ತಿಳಿಯಿತು, ಅದಕ್ಕೆ ಬಿಟ್ಟೆ.

ಗಂಗಾಮಣಿ


ಚಿಕ್ಕಜಾಜೂರು
20 ಏಪ್ರಿಲ್ 2003

ಗಂಗಾಗೆ,

ಏನು ಬರೆದರೂ ಕಡಿಮೆ ಎಂದು ಒಂದು ತಿಂಗಳು ಬರೆಯಲಿಲ್ಲ. ರಜೆ ಹಾಕಿ ಹಾಸನಕ್ಕೆ ಹೋಗಿ ಆ ಪರೀಕ್ಷಕರನ್ನು ಹುಡುಕಿದೆ. ಅವರಿಗೆ ಕೈಮುಗಿದು, ತೊಂಬತ್ತೇಳರಲ್ಲಿ ಉಲ್ಟಾ ಕಲಿಸಿದವನು ನಾನು, ಆ ಹುಡುಗಿಯದು ಏನೂ ತಪ್ಪಿಲ್ಲ ಎಂದು ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಯಾವ ಹುಡುಗಿ?" ಎಂದರು. ಅವರಿಗೆ ನೆನಪೇ ಇಲ್ಲ. ವರ್ಷಕ್ಕೆ ನೂರಾರು ಮಕ್ಕಳು ಬರುತ್ತಾರೆ, ಹೋಗುತ್ತಾರೆ. ಕಾಫಿ ತರಿಸಿ ಕೊಟ್ಟರು, ಕುಡಿದು ಬಂದೆ.

ಆನೇಮಹಲಿಗೂ ಹೋದೆ. ಗುರುಶಾಂತಮ್ಮನವರು ಮನೆಯ ಮುಂದೆಯೇ ಸಿಕ್ಕಿದರು. ಎಲ್ಲ ಕೇಳಿಸಿಕೊಂಡು, "ಈಗ ಹೇಳಿ ಏನ್ ಮಾಡದು ಮಾಸ್ಟ್ರೇ, ನನ್ ಮಗ್ಳಿಗೆ ಎರಡು ಮಕ್ಳಾದೋ" ಎಂದರು. ಆಮೇಲೆ, ಆ ಹುಡುಗಿಗೆ ನಾನು ಅಷ್ಟು ಜೋರಾಗಿ ಅನ್ನಬಾರದಿತ್ತು ಎಂದು ತಾವಾಗಿಯೇ ಹೇಳಿದರು. ಅದನ್ನು ನಿನಗೆ ತಲುಪಿಸಬೇಕೆನಿಸಿತು.

ಆಲೂರಿನಲ್ಲಿ ಹೊಸಕೋಟೆ ಬಸ್ಸು ನಿಂತಿತ್ತು. ಬಾಗಿಲ ಕಂಬಿ ಹಿಡಿದೆ. ನೀನು ಬಾ ಎಂದಿರಲಿಲ್ಲ, ಅದಕ್ಕೆ ಬಿಟ್ಟೆ.

ಒಂದು ಬೇಡಿಕೆ ಇದೆ. ಮತ್ತೆ ಶುರು ಮಾಡು ತಾಯಿ. ನಯನಾ ರಜೆಗೆ ಬಂದಾಗ ಎಡಕ್ಕೆ ತಿರುಗುವುದನ್ನು ಹೇಳಿಕೊಡುತ್ತಾಳೆ, ನಾನು ಅವಳನ್ನು ಕೇಳಿದ್ದೇನೆ, ಅವಳು ಸಂತೋಷದಿಂದ ಒಪ್ಪಿದ್ದಾಳೆ. ನಿನಗಿನ್ನೂ ಇಪ್ಪತ್ತಾರು. ನನ್ನಿಂದಾಗಿ ಅದು ನಿಂತುಹೋಯಿತು ಎಂಬುದನ್ನು ಹೊತ್ತುಕೊಂಡು ಇರಲಾರೆ.

ದೇವೀರಪ್ಪ


ಕೆ. ಹೊಸಕೋಟೆ
18 ಮೇ 2003

ಮಾಸ್ಟ್ರಿಗೆ ನಮಸ್ಕಾರ.

ಹಾಸನದವರಿಗೆ ನನ್ನ ನೆನಪಿಲ್ಲ ಎಂಬ ಸಾಲನ್ನು ಎರಡು ಸಲ ಓದಿದೆ. ನಿಮ್ಮ ಹೆಸರು ಉಳಿಸಲು ಯಾರೆದುರು ಸುಳ್ಳು ಹೇಳಿದೆನೋ ಅವರಿಗೇ ನಾವಿಬ್ಬರೂ ಲೆಕ್ಕಕ್ಕಿಲ್ಲ. ಗುರುಶಾಂತಮ್ಮನವರ ಮಾತು ತಲುಪಿಸಿದ್ದು ಒಳ್ಳೆಯದಾಯಿತು. ನೀವು ಆ ಬಸ್ಸು ಹತ್ತದೆ ಇದ್ದದ್ದೂ ಒಳ್ಳೆಯದಾಯಿತು. ಬಂದಿದ್ದರೆ ನಾನು ಕಾಫಿ ಕೊಟ್ಟು, ಊಟಕ್ಕೆ ಹಾಕಿ, ಏನೂ ಆಗಿಲ್ಲ ಎನ್ನುವಂತೆ ನಡೆದುಕೊಳ್ಳಬೇಕಾಗುತ್ತಿತ್ತು.

ಕಿಟಕಿಯಲ್ಲಿ ನಿಂತು ಕಲಿತದ್ದನ್ನು ಮುಚ್ಚಿಟ್ಟಿರಲ್ಲ, ಅದನ್ನು ನಾನು ಕಿಟಕಿಯ ವಿಚಾರ ಗೊತ್ತಿಲ್ಲದಾಗಲೇ ಕ್ಷಮಿಸಿದ್ದೆ. ನವೆಂಬರಿನ ಆ ಕಾಗದವನ್ನು ಕ್ಷಮಿಸಲು ನೋಡಿದೆ, ಆಗಲಿಲ್ಲ. ಅದು ನಿಮ್ಮ ಮೇಲಿನ ಸಿಟ್ಟಲ್ಲ. ಸಿಟ್ಟು ಎಂದೋ ಹೋಯಿತು. ಮುದ್ದು ಬೇಕಾಗಿತ್ತು ಎಂದು ಬರೆದಿರಲ್ಲ, ಅಂದಿನಿಂದ ಯಾರಾದರೂ ನನ್ನನ್ನು ಒಂದು ಗಳಿಗೆ ಹೆಚ್ಚಾಗಿ ನೋಡಿದರೆ ನಾನೇ ಮುಖ ತಿರುಗಿಸುತ್ತೇನೆ. ಮಗಳು ನೋಡಿದರೂ ಅಷ್ಟೇ. ಇದನ್ನು ನಿಮ್ಮನ್ನು ನೋಯಿಸಲು ಬರೆಯುತ್ತಿಲ್ಲ. ನೀವು ಕೇಳಿದ್ದಕ್ಕೆ ಸುಳ್ಳು ಉತ್ತರ ಕೊಡಬಾರದು ಎಂದು ಬರೆಯುತ್ತಿದ್ದೇನೆ.

ಶುರು ಮಾಡು ಎಂದಿರಿ. ನಿಮ್ಮ ಮಾತು ತೆಗೆದುಹಾಕುವುದಕ್ಕೆ ಮನಸ್ಸಾಗಲಿಲ್ಲ. ಹೋದ ಶುಕ್ರವಾರ ಮಕ್ಕಳನ್ನೆಲ್ಲ ಮನೆಗೆ ಕಳಿಸಿ ಅಂಗನವಾಡಿಯ ಚಾಪೆ ಸುತ್ತಿಟ್ಟು ಬಾಗಿಲು ಹಾಕಿಕೊಂಡೆ. ಸೆರಗು ಸಿಕ್ಕಿಸಿ ನಿಂತೆ. ಐದೂವರೆ ವರ್ಷವಾಗಿತ್ತು. ಕತ್ತು ತಾನಾಗಿಯೇ ಬಲಕ್ಕೆ ತಿರುಗಿತು. ಅದು ತಪ್ಪು ಎಂದು ತಡೆದೆ. ಎಡಕ್ಕೆ ತಿರುಗಿದೆ. ಮೂರನೆಯ ಹೆಜ್ಜೆಗೆ ಎಲ್ಲಿದ್ದೇನೆ ಎಂದೇ ತಿಳಿಯಲಿಲ್ಲ. ಮತ್ತೆ ಮೊದಲಿನಿಂದ ನಿಂತೆ. ಬಲಕ್ಕೆ ಹೋಗಲು ಮನಸ್ಸು ಬರಲಿಲ್ಲ, ಎಡಕ್ಕೆ ಹೋಗಲು ಕಾಲು ಬರಲಿಲ್ಲ. ಭುಜ ಏರಿತ್ತೋ ಇಳಿದಿತ್ತೋ ಗೊತ್ತಾಗಲಿಲ್ಲ. ಯಾರಾದರೂ ಏನಾದರೂ ಹೇಳುತ್ತಾರೇನೋ ಎಂಬಂತೆ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆ. ಆಮೇಲೆ ಬೀಗ ಹಾಕಿಕೊಂಡು ಮನೆಗೆ ಬಂದೆ.

ಗಂಗಾಮಣಿ